ಶಾಂತಾ ರಂಗಸ್ವಾಮಿ ಎತ್ತಿ ಹೊಡೆದ ಕಾಲ

ವಿಜಯಪುರದ ಜೋರಾಪುರ ಪೇಟೆಯಲ್ಲಿ ರಾಜೇಶ್ವರಿ ಗಾಯಕವಾಡ ಯಾರು ಅಂತ ಯಾರಿಗೂ ಹೇಳಿಕೊಡಬೇಕಿಲ್ಲ. ಚಹಾದಂಗಡಿ ಮುಂದೆ ನಿಂತ ಹುಡುಗರನ್ನು ಕೇಳಿ, ಟ್ಯೂಷನ್ನಿಗೆ ಹೊರಟ ಹುಡುಗಿಯರನ್ನು ಕೇಳಿ, ಒಂದೇ ಉತ್ತರ: ‘ನಮ್ಮೂರಾಕಿ ರೀ, ಇಂಡಿಯಾಕ್ಕ ಆಡ್ಯಾಳ.’ ಅದೇ ಕಟ್ಟೆಯ ಮೇಲೆ ಶಾಂತಾ ರಂಗಸ್ವಾಮಿ ಎಂಬ ಹೆಸರು ತೆಗೆದರೆ ಅರವತ್ತು ದಾಟಿದ ಒಬ್ಬಿಬ್ಬರು ಮಾತ್ರ ತಲೆ ಎತ್ತುತ್ತಾರೆ. ‘ಹೌದಲ್ರೀ, ಬೆಂಗಳೂರಾಕಿ. ಎತ್ತಿ ಹೊಡೀತಿದ್ಲು ನೋಡ್ರಿ’ ಅನ್ನುತ್ತಾರೆ. ಉಳಿದವರಿಗೆ ಗೊತ್ತಿಲ್ಲ.

ಗೊತ್ತಿರಬೇಕು ಎಂದು ನನ್ನ ವಾದ. ಶಾಂತಾ ಅವರನ್ನು ನೆನೆಯುವಾಗ ‘ಮೊದಲಿಗರು’ ಎಂಬ ಪಟ್ಟಿ ತಾನಾಗಿ ಬರುತ್ತದೆ: ಭಾರತದ ಮಹಿಳಾ ಟೆಸ್ಟ್ ತಂಡದ ಮೊದಲ ನಾಯಕಿ, ಮೊದಲ ಶತಕ, ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟರ್. ಈ ಪಟ್ಟಿಯಲ್ಲಿ ಒಂದು ಮಾತು ತಪ್ಪಿಹೋಗುತ್ತದೆ. ಅವರ ಆಟ ನೋಡಲು ಬಲು ಸೊಗಸಾಗಿತ್ತು, ಧಿಮಾಕಿನಿಂದ ಕೂಡಿತ್ತು. ಚೆಂಡನ್ನು ನೆಲಕ್ಕೆ ಒತ್ತಿ ಒಂದೊಂದೇ ರನ್ನು ಕೂಡಿಸುವುದೇ ಹೆಣ್ಣುಮಕ್ಕಳ ಆಟ ಎಂದು ಜನ ತಿಳಿದಿದ್ದ ಕಾಲದಲ್ಲಿ ಅವರು ಮುಂದೆ ಬಂದು ಎತ್ತಿ ಬಾರಿಸಿದರು. ದುಡ್ಡಿಲ್ಲದ, ದೂರದರ್ಶನವಿಲ್ಲದ, ಕ್ರಿಕೆಟ್ ಮಂಡಳಿಯ ಬೆಂಬಲವಿಲ್ಲದ ಆ ಆಟ ಮೊದಲ ಹತ್ತು ವರ್ಷ ಬದುಕಿ ಉಳಿಯಲು ಆ ಹೊಡೆತಗಳೂ ಒಂದು ಕಾರಣ ಎಂದು ನಾನು ನಂಬಿದ್ದೇನೆ.

ಮೊದಲಿಗೆ ಬೆಂಗಳೂರು. 1974ರ ನವೆಂಬರ್‌ನಲ್ಲಿ ಕಬ್ಬನ್ ಪಾರ್ಕ್ ಪಕ್ಕದ ಹೊಸ ಕ್ರೀಡಾಂಗಣದಲ್ಲಿ ಪುರುಷರ ಮೊದಲ ಟೆಸ್ಟ್ ನಡೆಯಿತು, ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್, ಗಾರ್ಡನ್ ಗ್ರೀನಿಜ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಅಲ್ಲೇ. ಆ ವರ್ಷವೇ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತ್ತು. ಪ್ರಸನ್ನ, ಚಂದ್ರಶೇಖರ್, ವಿಶ್ವನಾಥ್ ಎಂಬ ಹೆಸರುಗಳು ರೇಡಿಯೊ ಇದ್ದ ಮನೆಯಲ್ಲೆಲ್ಲ ಮನೆಮಾತು. ಅದಾಗಿ ಎರಡು ವರ್ಷಕ್ಕೆ, 1976ರ ಅಕ್ಟೋಬರ್ 31ರಂದು, ಅದೇ ಮೈದಾನಕ್ಕೆ ಮತ್ತೊಂದು ಭಾರತ ತಂಡ ಇಳಿಯಿತು. ಎದುರಾಳಿ ಮತ್ತೆ ವೆಸ್ಟ್ ಇಂಡೀಸ್, ಅವರ ನಾಯಕಿ ಲೂಯಿಸ್ ಬ್ರೌನ್. ನಮ್ಮ ನಾಯಕಿ ಇಪ್ಪತ್ತೆರಡು ವರ್ಷದ ಶಾಂತಾ. ಭಾರತದ ಹೆಣ್ಣುಮಕ್ಕಳು ಆಡಿದ ಮೊಟ್ಟಮೊದಲ ಟೆಸ್ಟ್ ಪಂದ್ಯ ಅದು. ಪುಣೆಯ ಶುಭಾಂಗಿ ಕುಲಕರ್ಣಿ ಎಂಬ ಹದಿನೇಳರ ಲೆಗ್ ಸ್ಪಿನ್ನರ್ ಆ ಪಂದ್ಯದಲ್ಲೇ ಐದು ವಿಕೆಟ್ ಕಿತ್ತಳು. ಪಂದ್ಯ ಡ್ರಾ ಆಯಿತು.

ಆ ನಾಯಕಿ ಬಂದದ್ದು ಎಲ್ಲಿಂದ? ಹುಟ್ಟಿದ್ದು ಮದ್ರಾಸಿನಲ್ಲಿ, 1954ರ ಜನವರಿ 1ರಂದು. ಬೆಳೆದದ್ದು ಬೆಂಗಳೂರಿನಲ್ಲಿ, ಏಳು ಹೆಣ್ಣುಮಕ್ಕಳ ಮನೆಯಲ್ಲಿ. ಅಕ್ಕತಂಗಿಯರು, ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳು ಎಲ್ಲ ಸೇರಿ ಟೆನಿಸ್ ಚೆಂಡಿನಲ್ಲಿ ಅಂಗಳದ ಕ್ರಿಕೆಟ್ ಆಡುತ್ತಿದ್ದ ಕೂಡು ಕುಟುಂಬ ಅದು. ಹುಡುಗಿಯರಿಗೆ ಕ್ರಿಕೆಟ್ ತಂಡ ಎಂಬುದೇ ಇಲ್ಲದ ಕಾಲವಾದ್ದರಿಂದ ಶಾಂತಾ ಮೊದಲು ಹೆಸರು ಮಾಡಿದ್ದು ಸಾಫ್ಟ್‌ಬಾಲ್‌ನಲ್ಲಿ. ಇದನ್ನು ನಾವು ಅಡಿಟಿಪ್ಪಣಿ ಎಂದು ಬದಿಗೆ ಸರಿಸಬಾರದು. ಅವರ ಬ್ಯಾಟಿಂಗಿನ ಗುಟ್ಟು ಅಲ್ಲಿಯೇ ಇದೆ ಎಂದು ನನಗನ್ನಿಸುತ್ತದೆ.

ಸಾಫ್ಟ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಡಿದು ಮೇಲೇಳುವುದಿಲ್ಲ. ಪಿಚರ್ ಆದವಳು ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಸುಮಾರು 40 ಅಡಿ ದೂರದಿಂದ ಎಸೆಯುತ್ತಾಳೆ. ಕ್ರಿಕೆಟ್ ಪಿಚ್ಚಿನ ಉದ್ದವಾದರೋ 66 ಅಡಿ. ಬ್ಯಾಟು ಹಿಡಿದವಳಿಗೆ ಯೋಚಿಸಲು ಸಮಯವಿಲ್ಲ. ಕಾಲು ಸರಿಯಬೇಕು, ಸೊಂಟ ತಿರುಗಬೇಕು, ಕೈ ಪೂರ್ತಿ ಬಿಚ್ಚಬೇಕು. ತಡೆದು ನಿಲ್ಲಿಸುವ ಹೊಡೆತಕ್ಕೆ ಆ ಆಟದಲ್ಲಿ ಬೆಲೆಯೇ ಕಡಿಮೆ. ಹಾಗೆ ಕೈ ಪಳಗಿಸಿಕೊಂಡವಳಿಗೆ 66 ಅಡಿ ದೂರದಿಂದ, ಅದೂ ಒಮ್ಮೆ ನೆಲ ಮುಟ್ಟಿ ಬರುವ ಚೆಂಡು ಎಂದರೆ ಬೇಕಾದಷ್ಟು ಪುರಸೊತ್ತು. ಶಾಂತಾ ಎತ್ತರದ ಆಳು, ಭುಜದಲ್ಲಿ ಬಲವಿತ್ತು. ಚೆಂಡಿನ ಬುಡಕ್ಕೆ ಕಾಲಿಟ್ಟು ಬೌಲರ್ ತಲೆಯ ಮೇಲಿಂದ ಎತ್ತುವ ಹೊಡೆತ ಅವರಿಗೆ ಸಹಜವಾಗಿ ಬಂತು. ಅದರ ಜೊತೆಗೆ ಮಧ್ಯಮ ವೇಗದ ಬೌಲಿಂಗ್ ಬೇರೆ.

ಅವರ ಕಾಲದ ಎಷ್ಟೋ ಜನ ಹೀಗೆಯೇ ಬೇರೆ ಆಟಗಳ ಅಂಗಳದಿಂದ ದಾಟಿ ಬಂದವರು. ಮುಂಬಯಿಯ ಡಯಾನಾ ಎಡುಲ್ಜಿ ಬ್ಯಾಸ್ಕೆಟ್‌ಬಾಲ್ ಮತ್ತು ಟೇಬಲ್ ಟೆನಿಸ್‌ನಲ್ಲಿ ಜೂನಿಯರ್ ರಾಷ್ಟ್ರಮಟ್ಟಕ್ಕೆ ಆಡಿದ ಮೇಲೆ ಎಡಗೈ ಸ್ಪಿನ್ ಹಿಡಿದವರು.

ಇನ್ನು ಆಟ ಕಟ್ಟಿದ ಕತೆ. 1973ರಲ್ಲಿ ಲಖನೌದಲ್ಲಿ ಮಹೇಂದ್ರ ಕುಮಾರ್ ಶರ್ಮಾ ಎಂಬವರು ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆಯನ್ನು ಹುಟ್ಟುಹಾಕಿದರು. ಅದಕ್ಕೂ ಮುಂಚೆ ಅವರು ಮೈಕು ಕಟ್ಟಿಕೊಂಡು ಲಖನೌ ಬೀದಿಗಳಲ್ಲಿ ತಿರುಗಿ, ಹೆಣ್ಣುಮಕ್ಕಳ ಕ್ರಿಕೆಟ್ ನಡೆಯುತ್ತದೆ, ನೋಡಲು ಬನ್ನಿ ಎಂದು ಸಾರಿದ್ದರಂತೆ. ಅದೇ ವರ್ಷ ಪುಣೆಯಲ್ಲಿ ಮೊದಲ ರಾಷ್ಟ್ರೀಯ ಟೂರ್ನಿ. ಬಂದ ತಂಡಗಳು ಮೂರೇ, ಬಾಂಬೆ, ಮಹಾರಾಷ್ಟ್ರ, ಉತ್ತರ ಪ್ರದೇಶ. ಇಂಗ್ಲೆಂಡಿನಲ್ಲಿ ಮಹಿಳೆಯರ ಮೊದಲ ವಿಶ್ವಕಪ್ ನಡೆದದ್ದೂ ಆ ವರ್ಷವೇ. ಪುರುಷರ ವಿಶ್ವಕಪ್‌ಗಿಂತ ಎರಡು ವರ್ಷ ಮೊದಲು! ಮುಂದಿನ ರಾಷ್ಟ್ರೀಯ ಟೂರ್ನಿ ವಾರಾಣಸಿಯಲ್ಲಿ, ಅದಾದ ಮೇಲೆ ಕಲ್ಕತ್ತದಲ್ಲಿ. ತಂಡಗಳು ಮೂರರಿಂದ ಎಂಟಾದವು, ಎಂಟರಿಂದ ಹದಿನಾಲ್ಕಾದವು. ಕರ್ನಾಟಕವೂ ಬಂತು, ಶಾಂತಾ ಅದರ ಮುಂದಾಳು.

ಆಗಿನ ಪ್ರಯಾಣದ ಬಗ್ಗೆ ಶಾಂತಾ ಸಂದರ್ಶನಗಳಲ್ಲಿ ಬಿಚ್ಚುಮನಸ್ಸಿನಿಂದ ಹೇಳಿಕೊಂಡಿದ್ದಾರೆ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ರೈಲು ಪ್ರಯಾಣ. ಹಾಸಿಗೆ ಸುರುಳಿ ಬೆನ್ನಿಗೆ, ಬ್ಯಾಟು ಅದರ ಜೊತೆಗೆ, ಸೂಟ್‌ಕೇಸು ಕೈಯಲ್ಲಿ. ಊರು ಮುಟ್ಟಿದರೆ ಡಾರ್ಮಿಟರಿಯ ನೆಲದ ಮೇಲೆ ನಿದ್ದೆ, ಹತ್ತಾರು ಮಂದಿಗೆ ನಾಲ್ಕೇ ಶೌಚಾಲಯ. ಒಳ್ಳೆಯ ಬ್ಯಾಟುಗಳು ತಂಡಕ್ಕೆಲ್ಲ ಸೇರಿ ಎರಡೋ ಮೂರೋ. ಔಟಾಗಿ ಬಂದವಳ ಕೈಯಿಂದ ಮುಂದಿನವಳು ಇಸಿದುಕೊಂಡು ಹೋಗಬೇಕು. ವಿಜಯಪುರದಿಂದ ಸೊಲ್ಲಾಪುರದ ಕಡೆ ಜನರಲ್ ಬೋಗಿಯಲ್ಲಿ ಹತ್ತಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಥ ಪ್ರಯಾಣದಲ್ಲಿ ಎರಡು ದಿನ ಮೈ ನುಗ್ಗಾಗಿ, ಮೂರನೇ ದಿನ ಬೆಳಿಗ್ಗೆ ಟಾಸಿಗೆ ಹೋಗಿ, ಆಮೇಲೆ ಧೈರ್ಯವಾಗಿ ಎತ್ತಿ ಹೊಡೆಯುವುದು ಎಂದರೆ ಎಂಥ ಎದೆಗಾರಿಕೆ ಬೇಕು!

ಆ ವೆಸ್ಟ್ ಇಂಡೀಸ್ ಸರಣಿಗೆ ಆರು ಟೆಸ್ಟ್. ಬೆಂಗಳೂರಿನಿಂದ ಶುರುವಾಗಿ ಜಮ್ಮುವಿನ ತನಕ ಹೋದ ಅದರಲ್ಲಿ ನಾಲ್ಕನೆಯದು ಪಟ್ನಾದಲ್ಲಿ. 1976ರ ನವೆಂಬರ್ 17ರಿಂದ 19. ಮೂರು ದಿನದ ಟೆಸ್ಟ್‌ಗಳು ಆಗ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಮೈದಾನಕ್ಕೆ ಬಂದಿದ್ದರು. ಭಾರತ ಐದು ವಿಕೆಟ್‌ಗಳಿಂದ ಗೆದ್ದಿತು, ಅದು ಭಾರತದ ಮಹಿಳೆಯರ ಮೊದಲ ಟೆಸ್ಟ್ ಗೆಲುವು. ಕೊನೆಯ ಟೆಸ್ಟನ್ನು ವೆಸ್ಟ್ ಇಂಡೀಸ್ ಗೆದ್ದು ಸರಣಿ 1-1 ಆಯಿತು.

ಆ ಇಪ್ಪತ್ತೈದು ಸಾವಿರದ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಮೊದಲ ದಿನ ಜನ ಬರುವುದು ಕುತೂಹಲಕ್ಕೆ: ಹುಡುಗಿಯರು ಅದೇನು ಕ್ರಿಕೆಟ್ ಆಡುತ್ತಾರೋ ನೋಡೋಣ ಅಂತ. ಕೆಲವರು ನಗಲಿಕ್ಕೂ ಬಂದಿರುತ್ತಾರೆ. ಎರಡನೇ ದಿನ, ಮೂರನೇ ದಿನ ಬರಬೇಕಾದರೆ ಏನೋ ಸಿಕ್ಕಿರಬೇಕು. ನಾವೆಲ್ಲ ಜಾತ್ರೆಯ ಕುಸ್ತಿಕಣದಲ್ಲಿ ಇದನ್ನು ಕಂಡಿದ್ದೇವೆ. ಸಿದ್ಧೇಶ್ವರ ಜಾತ್ರೆಯಲ್ಲಿ ಜನ ಕದಲದೆ ನಿಲ್ಲುವುದು ಸುಮ್ಮನೆ ಹಿಡಿದು ನೂಕಾಡುವ ಜೋಡಿಗಲ್ಲ, ಮಿಂಚಿನ ಹಾಗೆ ಒಂದು ಪಟ್ಟು ಹಾಕಿ ಎದುರಾಳಿಯನ್ನು ಚಿತ್ ಮಾಡುವ ಪೈಲ್ವಾನನಿಗೆ. ಹಾಗೆ ಕಾಯಿಸಿ ನಿಲ್ಲಿಸುವ ಗುಣ ಶಾಂತಾ ಅವರ ಬ್ಯಾಟಿನಲ್ಲಿತ್ತು. ನಗಲು ಬಂದವನ ತಲೆಯ ಮೇಲಿಂದ ಚೆಂಡು ಹಾರಿ ಹೋದರೆ ಅವನು ನಗುವುದು ಬಿಟ್ಟು ಚೆಂಡನ್ನು ಹುಡುಕಿ ಕೊಡುತ್ತಾನೆ. ಮರುದಿನ ತಮ್ಮನನ್ನೂ ಕರೆದುಕೊಂಡು ಬರುತ್ತಾನೆ.

ಪಟ್ನಾ ಗೆದ್ದು ಎರಡು ತಿಂಗಳು ಕಳೆಯುವುದರೊಳಗೆ ತಂಡ ನ್ಯೂಜಿಲೆಂಡಿನಲ್ಲಿತ್ತು. 1977ರ ಜನವರಿ, ಡನೆಡಿನ್. ದಕ್ಷಿಣ ದ್ವೀಪದ ತಣ್ಣನೆ ಗಾಳಿಯ ಊರು, ಅಭ್ಯಾಸವಿಲ್ಲದ ಪಿಚ್ಚು. ಅಲ್ಲಿ ಶಾಂತಾ 108 ಹೊಡೆದರು. ಭಾರತದ ಹೆಣ್ಣುಮಗಳೊಬ್ಬಳ ಮೊದಲ ಟೆಸ್ಟ್ ಶತಕ, ಅದೂ ಪರದೇಶದಲ್ಲಿ, ನಾಯಕತ್ವದ ಭಾರ ಹೊತ್ತು. ಅವರ ಟೆಸ್ಟ್ ಜೀವನದ ಒಂದೇ ಶತಕವೂ ಅದೇ. 1976ನೇ ಸಾಲಿನ ಅರ್ಜುನ ಪ್ರಶಸ್ತಿ ಅವರಿಗೆ ಬಂತು.

ಇಂಥ ಧಿಮಾಕಿನ ಆಟಕ್ಕೆ ಬೇರೆ ಕಡೆ ಏನು ಬೆಲೆ ಸಿಕ್ಕಿತು ಎಂದು ನೋಡಲು ಇಲ್ಲಿ ಸ್ವಲ್ಪ ದೂರ ಹೋಗಿ ಬರುತ್ತೇನೆ. ಅದೇ ಕಾಲದಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪೀಟ್ ಮರಾವಿಚ್ ಎಂಬ ಆಟಗಾರನಿದ್ದ. ಜೋಲು ಬಿದ್ದ ಸಾಕ್ಸು, ಹಾರಾಡುವ ಕೂದಲು, ಬೆನ್ನ ಹಿಂದಿನಿಂದ ಪಾಸು, ಕಾಲ ಸಂದಿನಿಂದ ಪಾಸು, ನೋಡುವುದು ಒಂದು ಕಡೆ ಎಸೆಯುವುದು ಇನ್ನೊಂದು ಕಡೆ. ತಂದೆ ಪ್ರೆಸ್ ಮರಾವಿಚ್ ತರಬೇತುದಾರ. ಮಗನನ್ನು ಕಾರಿನ ಕಿಟಕಿಗೆ ಕೂರಿಸಿ, ಗಾಡಿ ಓಡುತ್ತಿರುವಾಗಲೇ ಹೊರಗೆ ಕೈಚಾಚಿ ಚೆಂಡು ಪುಟಿಸುವುದನ್ನು ಕಲಿಸಿದ ಅಪ್ಪ. ಮೂರು ಅಂಕದ ಗೆರೆ ಇಲ್ಲದ ಕಾಲದಲ್ಲಿ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡಕ್ಕೆ 83 ಪಂದ್ಯಗಳಲ್ಲಿ 3,667 ಅಂಕ, ಪಂದ್ಯಕ್ಕೆ ಸರಾಸರಿ 44.2. ಡನೆಡಿನ್ ಶತಕವಾಗಿ ಏಳು ವಾರಕ್ಕೆ, 1977ರ ಫೆಬ್ರವರಿ 25ರಂದು, ಆತ ನ್ಯೂಯಾರ್ಕ್ ನಿಕ್ಸ್ ಎದುರು ಒಂದೇ ಪಂದ್ಯದಲ್ಲಿ 68 ಅಂಕ ಹೊಡೆದ. ಇದು ಆಟವಲ್ಲ, ಡೊಂಬರಾಟ ಎಂದು ಮೂಗು ಮುರಿದವರು ಅಲ್ಲೂ ಇದ್ದರು. ಈಗ ಆ ಪಾಸುಗಳನ್ನು ಶಾಲೆಯ ಮಕ್ಕಳಿಗೆ ಕಲಿಸುತ್ತಾರೆ.

ಮರಾವಿಚ್‌ಗೆ ಕಾಲೇಜು ಮುಗಿಯುತ್ತಲೇ ಹತ್ತೊಂಬತ್ತು ಲಕ್ಷ ಡಾಲರಿನ ಕರಾರು ಕಾದಿತ್ತು. ಶಾಂತಾ ಅವರಿಗೆ ಕಾದಿದ್ದು ಖಾಲಿ ಕ್ಯಾಲೆಂಡರು. ನನಗೆ ನಿಜಕ್ಕೂ ಸಂಕಟವಾಗುವ ಜಾಗ ಇದು. 1977ರ ಜನವರಿಯಲ್ಲಿ ಡನೆಡಿನ್ ಮುಗಿಸಿ ಪರ್ತ್‌ನಲ್ಲಿ ಆಸ್ಟ್ರೇಲಿಯಾ ಎದುರು ಒಂದು ಟೆಸ್ಟ್ ಆಡಿದ ಭಾರತ ತಂಡಕ್ಕೆ ಮುಂದಿನ ಟೆಸ್ಟ್ ಸಿಕ್ಕಿದ್ದು 1984ರ ಜನವರಿಯಲ್ಲಿ. ಏಳು ವರ್ಷ! ಇಪ್ಪತ್ಮೂರರ ಹರೆಯದಲ್ಲಿ ಶತಕ ಹೊಡೆದು ಬಂದವಳು ಮತ್ತೊಮ್ಮೆ ಟೆಸ್ಟ್ ಆಡುವಾಗ ಮೂವತ್ತು ತುಂಬಿತ್ತು. ಬ್ಯಾಟರ್ ಒಬ್ಬಳ ಕಣ್ಣು, ಕೈ, ಕಾಲು ಒಂದಕ್ಕೊಂದು ಹೊಂದಿಕೊಂಡು ನಡೆಯುವ ಅತ್ಯುತ್ತಮ ವರ್ಷಗಳು ಅವು. ನಡುವೆ 1982ರಲ್ಲಿ ನ್ಯೂಜಿಲೆಂಡಿನ ವಿಶ್ವಕಪ್‌ಗೆ ಶಾಂತಾ ತಂಡ ಕಟ್ಟಿಕೊಂಡು ಹೋದರು, ಹನ್ನೆರಡು ಪಂದ್ಯದಲ್ಲಿ ನಾಲ್ಕು ಗೆದ್ದರು. ಪ್ರವಾಸದ ಖರ್ಚಿಗೆ ಆಟಗಾರ್ತಿಯರೇ ಹಣ ಹೊಂದಿಸಿಕೊಳ್ಳಬೇಕಾದ ಕಾಲ ಅದು.

ಹೀಗಾಗಿ ಅವರ ಲೆಕ್ಕದ ಪುಟ ಚಿಕ್ಕದಾಗಿ ಕಾಣುತ್ತದೆ: ಹದಿನೈದು ವರ್ಷಗಳಲ್ಲಿ 16 ಟೆಸ್ಟ್, 750 ರನ್, 21 ವಿಕೆಟ್. ಆ 16ರಲ್ಲಿ 12ಕ್ಕೆ ಅವರೇ ನಾಯಕಿ. ಅಂಕಿ ನೋಡಿ ಆಟಗಾರರನ್ನು ತೂಗುವ ನಮ್ಮ ಅಭ್ಯಾಸ ಇಲ್ಲಿ ಅನ್ಯಾಯ ಮಾಡುತ್ತದೆ. ಆಡಗೊಡದ ವರ್ಷಗಳಿಗೆ ಸ್ಕೋರ್‌ಬುಕ್ಕಿನಲ್ಲಿ ಅಂಕಣವಿಲ್ಲ.

ಹೊಟ್ಟೆಪಾಡಿಗೆ ಕೆನರಾ ಬ್ಯಾಂಕ್ ಇತ್ತು. ಅಲ್ಲಿ ಸೇರಿ ದುಡಿದು ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾದರು. ಡಯಾನಾ ಪಶ್ಚಿಮ ರೈಲ್ವೆ ಸೇರಿ, ಅಲ್ಲಿ ಕ್ರಿಕೆಟ್ ಆಡುವ ಹುಡುಗಿಯರಿಗೆ ನೌಕರಿ ಕೊಡಿಸಲು ಪಟ್ಟು ಹಿಡಿದರು. ಮಹಿಳಾ ಕ್ರಿಕೆಟ್‌ನ ಇತಿಹಾಸದಲ್ಲಿ ಈ ಬ್ಯಾಂಕು, ರೈಲ್ವೆಗಳ ಹಾಜರಿ ಪುಸ್ತಕಕ್ಕೂ ಒಂದು ಜಾಗ ಕೊಡಬೇಕು. ತಿಂಗಳ ಸಂಬಳ ಬರುತ್ತದೆ ಎಂದಾಗಲೇ ಎಷ್ಟೋ ಅಪ್ಪಂದಿರು ಮಗಳ ಆಟಕ್ಕೆ ಹ್ಞೂಂ ಅಂದದ್ದು.

ಶಾಂತಾ ಕೊನೆಯ ಟೆಸ್ಟ್ ಆಡಿದ್ದು 1991ರ ಆರಂಭದಲ್ಲಿ, ಆಸ್ಟ್ರೇಲಿಯಾದಲ್ಲಿ. ಅದೇ ವರ್ಷ ಜೂನ್ 1ರಂದು ವಿಜಯಪುರದಲ್ಲಿ, ಆಗಿನ ಬಿಜಾಪುರದಲ್ಲಿ, ರಾಜೇಶ್ವರಿ ಹುಟ್ಟಿದಳು.

ಅದಾದ ಮೇಲಿನ ಇಪ್ಪತ್ತು ವರ್ಷದಲ್ಲಿ ಕರ್ನಾಟಕದಿಂದ ಮಮತಾ ಮಾಬೆನ್, ಕರುಣಾ ಜೈನ್ ಬಂದರು. ಮಮತಾ ಭಾರತಕ್ಕೆ ನಾಯಕಿಯೂ ಆದರು. ನಮ್ಮ ಕಡೆಯವರು ನೆನಪಿಡಬೇಕಾದ ಹೆಸರು ಇನ್ನೊಂದು: ನೂಶಿನ್ ಅಲ್ ಖದೀರ್. ಹುಟ್ಟಿದ್ದು ಇರಾನಿನಲ್ಲಿ, ಬೆಳೆದದ್ದು ಕಲಬುರಗಿಯಲ್ಲಿ. ಆಫ್ ಸ್ಪಿನ್ನರ್ ಆಗಿ 2005ರ ವಿಶ್ವಕಪ್ ಫೈನಲ್ ತಲುಪಿದ ತಂಡದಲ್ಲಿದ್ದವರು, 2023ರ ಜನವರಿಯಲ್ಲಿ ಹತ್ತೊಂಬತ್ತರ ಒಳಗಿನ ಹುಡುಗಿಯರು ದಕ್ಷಿಣ ಆಫ್ರಿಕಾದಲ್ಲಿ ವಿಶ್ವಕಪ್ ಗೆದ್ದಾಗ ಕೋಚ್ ಆಗಿದ್ದವರು. ಬೆಂಗಳೂರು ಬಿಟ್ಟರೆ ಹೆಣ್ಣುಮಕ್ಕಳಿಗೆ ಕ್ರಿಕೆಟ್ ಇಲ್ಲ ಎಂಬ ಮಾತನ್ನು ಕಲಬುರಗಿ ಮೊದಲು ಮುರಿಯಿತು, ವಿಜಯಪುರ ಆಮೇಲೆ.

ವಿಜಯಪುರ ಅಂದರೆ ಸೈಕ್ಲಿಂಗ್. ತಿಕೋಟಾ, ಬಬಲೇಶ್ವರದ ರಸ್ತೆಗಳಲ್ಲಿ ಬೆಳಗಿನ ಜಾವ ಬಾಗಿ ಪೆಡಲ್ ತುಳಿಯುವ ಹುಡುಗ ಹುಡುಗಿಯರು ನಮಗೆ ಹೊಸಬರಲ್ಲ. ದ್ರಾಕ್ಷಿ ತೋಟಕ್ಕೆ ಹೊರಟವರು ಗಾಡಿ ಬದಿಗೆ ತೆಗೆದು ಅವರಿಗೆ ದಾರಿ ಬಿಡುತ್ತಾರೆ. ಅಂಥ ಊರಿನಲ್ಲಿ ಶಾಲಾ ಶಿಕ್ಷಕರ ಮಗಳು ರಾಜೇಶ್ವರಿ ಮೊದಲು ಎಸೆತದ ಆಟಗಳು, ವಾಲಿಬಾಲ್ ಆಡಿಕೊಂಡಿದ್ದು, ಊರಿನಲ್ಲೇ ಶುರುವಾದ ಮಹಿಳಾ ಕ್ರಿಕೆಟ್ ಕ್ಲಬ್ಬಿಗೆ ಬಂದು ಎಡಗೈ ಸ್ಪಿನ್ ಕಲಿತಳು. ಮತ್ತೆ ಅದೇ ಕತೆ, ಬೇರೆ ಆಟದ ಅಂಗಳದಿಂದ ದಾಟಿ ಬಂದದ್ದು. 2014ರ ಜನವರಿಯಲ್ಲಿ ಭಾರತ ತಂಡ ಸೇರಿದಳು. ಆ ವರ್ಷವೇ ತಂದೆ ತೀರಿಕೊಂಡರು.

2017 ಶಾಂತಾ, ರಾಜೇಶ್ವರಿ ಇಬ್ಬರಿಗೂ ದೊಡ್ಡ ವರ್ಷ. ಮಾರ್ಚ್‌ನಲ್ಲಿ ಬೆಂಗಳೂರಿನ ಸಮಾರಂಭದಲ್ಲಿ ಬಿಸಿಸಿಐ ಮಹಿಳೆಯರಿಗೆಂದು ಹೊಸದಾಗಿ ಇಟ್ಟ ಜೀವಮಾನ ಸಾಧನೆ ಪ್ರಶಸ್ತಿ ಶಾಂತಾ ಅವರಿಗೆ ಸಂದಿತು. ಮಂಡಳಿ ಮಹಿಳಾ ಕ್ರಿಕೆಟನ್ನು ತನ್ನ ತೆಕ್ಕೆಗೆ ತೆಗೆದುಕೊಂಡದ್ದೇ 2006ರಲ್ಲಿ, ಪಟ್ನಾ ಗೆಲುವಿನ ಮೂವತ್ತು ವರ್ಷದ ಮೇಲೆ.

ಆ ಪ್ರಶಸ್ತಿ ಬಂದು ನಾಲ್ಕು ತಿಂಗಳಾದ ಮೇಲೆ, ಜುಲೈ 15, ಇಂಗ್ಲೆಂಡಿನ ಡರ್ಬಿ. ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಎದುರು ಗೆದ್ದರೆ ಸೆಮಿಫೈನಲ್, ಸೋತರೆ ಮನೆಗೆ. ಮಿಥಾಲಿ ರಾಜ್ 109 ಹೊಡೆದು ಒಂದು ತುದಿ ಕಾದರು. ಇನ್ನೊಂದು ತುದಿಗೆ ಬಂದವಳು ಕಡೂರಿನ ವೇದಾ ಕೃಷ್ಣಮೂರ್ತಿ. 45 ಚೆಂಡಿಗೆ 70! ಎಗರಿ ಮುಂದೆ ಬಂದು ಬೌಲರ್ ತಲೆ ಮೇಲಿಂದ ಎತ್ತುವ ಆ ಹೊಡೆತಗಳನ್ನು ನೋಡುವಾಗ ಇವಳು ಶಾಂತಾ ಅವರ ಮನೆತನದವಳೇ ಅನ್ನಿಸಿತು. ಭಾರತ 265. ಆ ವಿಶ್ವಕಪ್ಪಿನಲ್ಲಿ ಅಲ್ಲಿಯ ತನಕ ಬೆಂಚಿನ ಮೇಲೇ ಕೂತಿದ್ದ ರಾಜೇಶ್ವರಿಗೆ ಅವತ್ತು ಕರೆ ಬಂತು. 7.3 ಓವರ್, 15 ರನ್, 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್, ಭಾರತಕ್ಕೆ 186 ರನ್‌ಗಳ ಗೆಲುವು. ಲಾರ್ಡ್ಸ್ ಫೈನಲ್‌ನಲ್ಲಿ ಒಂಬತ್ತು ರನ್ನಿನಿಂದ ಸೋತದ್ದು ಎಲ್ಲರಿಗೂ ನೆನಪಿದೆ. ಆದರೂ ತಂಡ ಮರಳಿದಾಗ ವಿಮಾನ ನಿಲ್ದಾಣದಲ್ಲಿ ಜನ ಕಾದಿದ್ದರು.

ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ಬಬಲೇಶ್ವರದ ಶಾಸಕ ಎಂ.ಬಿ. ಪಾಟೀಲ ಅವರು ರಾಜೇಶ್ವರಿಗೆ ಕಾರು ಉಡುಗೊರೆ ಕೊಡಲು ಮುಂದಾದರು. ಆಕೆ ಕಾರಿನ ಬದಲು ಮನೆ ಕೇಳಿದಳು. ಕೆಲವರಿಗೆ ಆಗ ಇದು ಹೆಚ್ಚಾಯಿತು ಅನ್ನಿಸಿತ್ತು. ನನಗೆ ಹಾಗನ್ನಿಸಲಿಲ್ಲ. ತಂದೆ ಇಲ್ಲದ ಮನೆಯ ಹೊರೆ ಹೊತ್ತ ಹೆಣ್ಣುಮಗಳು ತನಗೆ ಏನು ಬೇಕು ಎಂದು ಎಲ್ಲರೆದುರು ಬಾಯಿಬಿಟ್ಟು ಹೇಳಿದಳು. ಹಾಸಿಗೆ ಸುರುಳಿ ಬೆನ್ನಿಗೆ ಕಟ್ಟಿಕೊಂಡು ರೈಲು ಹತ್ತಿದ ಪೀಳಿಗೆಗೆ ಹಾಗೆ ಕೇಳುವ ಜಾಗವೇ ಇರಲಿಲ್ಲ.

ಆ ಜಾಗ ಮಾಡಿಕೊಡುವ ಕೆಲಸವನ್ನೂ ಶಾಂತಾ ಬಿಟ್ಟಿಲ್ಲ. 2019ರಲ್ಲಿ ಮಾಜಿ ಆಟಗಾರರ ಸಂಘದಿಂದ ಆಯ್ಕೆಯಾಗಿ ಬಿಸಿಸಿಐ ಅಪೆಕ್ಸ್ ಕೌನ್ಸಿಲ್‌ನಲ್ಲಿ ಕೂತರು. ಪುರುಷರಷ್ಟೇ ಪಂದ್ಯ ಶುಲ್ಕ ಮಹಿಳೆಯರಿಗೂ ಎಂದು ಮಂಡಳಿ ಘೋಷಿಸಿದ್ದು 2022ರ ಅಕ್ಟೋಬರ್‌ನಲ್ಲಿ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಭಾರತದ ಮಹಿಳೆಯರು ವಿಶ್ವಕಪ್ ಎತ್ತಿದಾಗ ಜೋರಾಪುರ ಪೇಟೆಯಲ್ಲೂ ಪಟಾಕಿ ಸಿಡಿದವು.

ನಮ್ಮೂರಿನಲ್ಲಿ ಅಂಬೇಡ್ಕರ್ ಕ್ರೀಡಾಂಗಣವಿದೆ, ಮಹಿಳೆಯರಿಗೆಂದೇ ಇರುವ ಅಕ್ಕಮಹಾದೇವಿ ವಿಶ್ವವಿದ್ಯಾಲಯವಿದೆ. ಶಾಂತಾ ರಂಗಸ್ವಾಮಿ ಅವರನ್ನು ಇಲ್ಲಿಗೆ ಕರೆಸಬೇಕು, ರಾಜೇಶ್ವರಿಯನ್ನು ಪಕ್ಕಕ್ಕೆ ಕೂರಿಸಬೇಕು, ಸುತ್ತಲಿನ ಶಾಲೆಯ ಹುಡುಗಿಯರನ್ನು ಎದುರಿಗೆ ಕೂರಿಸಿ ಟೆಸ್ಟ್ ಸಿಗದ ಆ ಏಳು ವರ್ಷದ ಬಗ್ಗೆಯೂ ಡನೆಡಿನ್‌ನ 108ರ ಬಗ್ಗೆಯೂ ಅವರ ಬಾಯಿಂದಲೇ ಕೇಳಿಸಬೇಕು. ಇದನ್ನು ಬರುವ ವರ್ಷಕ್ಕೆ ಎಂದು ಮುಂದಕ್ಕೆ ಹಾಕುವುದು ಬೇಡ.